ಮೊದಲು ಜಾರುವ ತುದಿ ಯಾವುದು?

ಭಾವನ ಟಾಟಾ ನ್ಯಾನೋ ಒಂದು ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಹಟ ಹಿಡಿಯಿತು. ಸ್ಟಿಯರಿಂಗ್ ನೆಟ್ಟಗೆ ಹಿಡಿದರೂ ಕಾರು ಒಂದು ಬದಿಗೆ ವಾಲುತ್ತಿತ್ತು. ತಿರುವಿನಲ್ಲಿ ಹಿಂಭಾಗ ಬಿಟ್ಟುಕೊಟ್ಟ ಹಾಗಾಗುತ್ತಿತ್ತು. ಹಿಂದಿನ ದಿನವಷ್ಟೇ ಪಂಕ್ಚರ್ ಅಂಗಡಿಯೊಂದರಲ್ಲಿ ನಾಲ್ಕೂ ಚಕ್ರ ಬಿಚ್ಚಿಸಿ, ಎರಡಕ್ಕೆ ಪ್ಯಾಚ್ ಹಾಕಿಸಿಕೊಂಡು ಬಂದಿದ್ದರು. “ಅಲೈನ್‌ಮೆಂಟ್ ಹೋಗಿರಬೇಕು ಕಣಯ್ಯಾ” ಅಂದರು. ಅಂಗಳದಲ್ಲಿ ನಿಂತಿದ್ದ ಕಾರನ್ನು ಹಿಂದಿನಿಂದ ನೋಡಿದಾಗ ಎಡಗಡೆಯ ಚಕ್ರ ಬಲಗಡೆಯದಕ್ಕಿಂತ ಸಣಕಲಾಗಿ ಕಂಡಿತು. ಕುಕ್ಕರಗಾಲಲ್ಲಿ ಕೂತು ಟೈರಿನ ಮೈಯ ಕೆಸರು ಒರೆಸಿ ಓದಿದೆ. ಬಲಕ್ಕೆ 155/65 ಆರ್12, ಎಡಕ್ಕೆ 135/70 ಆರ್12. ಮುಂದೆ ಹೋಗಿ ನೋಡಿದರೆ ಅಲ್ಲೂ ಒಂದು 155, ಇನ್ನೊಂದು 135.

ನಾಲ್ಕು ಚಕ್ರವೂ ಒಂದೇ ಎಂದುಕೊಂಡ ಅಂಗಡಿಯ ಹುಡುಗ ಕೈಗೆ ಸಿಕ್ಕಿದ್ದನ್ನು ಸಿಕ್ಕ ಜಾಗಕ್ಕೆ ಬಿಗಿದಿದ್ದ. ನಮ್ಮ ರಸ್ತೆಯ ಬಹುಪಾಲು ಕಾರುಗಳ ಮಟ್ಟಿಗೆ ಅವನ ಎಣಿಕೆ ಸರಿಯೇ. ನ್ಯಾನೋ ಮಾತ್ರ ಹಾಗಲ್ಲ. ಅದಕ್ಕೆ ಮುಂದೆ 135, ಹಿಂದೆ 155. 2009ರಲ್ಲಿ ಒಂದು ಲಕ್ಷ ರೂಪಾಯಿಯ ಕಾರೆಂದು ಮಾರುಕಟ್ಟೆಗೆ ಬಂದ ಈ ಗಾಡಿಯಲ್ಲಿ ಉಳಿತಾಯ ಮಾಡದ ಜಾಗವೇ ಇರಲಿಲ್ಲ. ವೈಪರ್ ಒಂದೇ, ಚಕ್ರಕ್ಕೆ ಮೂರೇ ಬೋಲ್ಟು, ಅಗ್ಗದ ಆವೃತ್ತಿಯಲ್ಲಿ ಎಡಗಡೆ ಕನ್ನಡಿಯೂ ಇಲ್ಲ. ಅಷ್ಟು ಲೆಕ್ಕಾಚಾರದ ಕಾರಿಗೆ ಎರಡು ಅಳತೆಯ ಟೈರು ಕೊಳ್ಳುವ ಖರ್ಚನ್ನು ಎಂಜಿನಿಯರುಗಳು ಏಕೆ ಒಪ್ಪಿಕೊಂಡರು? ಮುಂದೊಂದು ಹಿಂದೊಂದು ಅಳತೆಯ ಟೈರು ಹಾಕಬಹುದೇ, ಹಾಕಿದರೆ ಏನಾಗುತ್ತದೆ ಎಂಬ ಇಡೀ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ತೆರೆದುಕೊಳ್ಳುತ್ತದೆ.

ಮೊದಲು ಆ ಅಂಕಿಗಳ ಲೆಕ್ಕ. 155 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಪಕ್ಕದ ಗೋಡೆಯ ಎತ್ತರ, ಆ ಅಗಲದ ಶೇ 65. ಆರ್ ಎಂದರೆ ರೇಡಿಯಲ್, 12 ಎಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಗೋಡೆಯ ಎತ್ತರವನ್ನು ಎರಡರಿಂದ ಗುಣಿಸಿ ರಿಮ್ಮಿನ ವ್ಯಾಸಕ್ಕೆ ಕೂಡಿದರೆ ಚಕ್ರದ ಒಟ್ಟು ಎತ್ತರ ಸಿಗುತ್ತದೆ. ನ್ಯಾನೋದ ಮುಂದಿನ ಚಕ್ರ 494 ಮಿ.ಮೀ., ಹಿಂದಿನದು 506. ಇದೇ ಲೆಕ್ಕವನ್ನು ಬಿಎಂಡಬ್ಲ್ಯು 3 ಸರಣಿಯ ಎಫ್30 ಪೀಳಿಗೆಯ ಮೇಲೆ ಹಾಕಿ ನೋಡಿ. 18 ಇಂಚಿನ ಜೋಡಿಯಲ್ಲಿ ಮುಂದೆ 225/45, ಹಿಂದೆ 255/40. ಎತ್ತರ ಮುಂದೆ 659.7, ಹಿಂದೆ 661.2. ಅಗಲದಲ್ಲಿ 30 ಮಿ.ಮೀ. ಅಂತರ, ಎತ್ತರದಲ್ಲಿ ಒಂದೂವರೆ ಮಿ.ಮೀ. ಮಾತ್ರ. ಅಗಲ ಹೆಚ್ಚಿಸಿದಾಗ ಗೋಡೆಯ ಶೇಕಡಾವಾರು ಇಳಿಸುವ ಈ ಜಾಣ್ಮೆ ಗಮನಿಸಬೇಕಾದದ್ದು. ಪೇಟೆಯಲ್ಲಿ ಟೈರು ಬದಲಿಸುವವರು ತಪ್ಪುವುದು ಹೆಚ್ಚಾಗಿ ಇಲ್ಲೇ.

ಇನ್ನು ‘ಏಕೆ’ ಎಂಬುದು. ತಿರುವಿನಲ್ಲಿ ಟೈರು ತಾನು ಮುಖ ಮಾಡಿದ ದಿಕ್ಕಿಗೇ ಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ರಬ್ಬರು ತುಸು ತಿರುಚಿಕೊಂಡು ಒಂದೆರಡು ಡಿಗ್ರಿ ಹೊರಕ್ಕೆ ಸರಿಯುತ್ತಲೇ ಸಾಗುತ್ತದೆ. ಮುಂದಿನ ಜೋಡಿ ಹೆಚ್ಚು ಸರಿದರೆ ಕಾರು ನಾವು ತಿರುಗಿಸಿದ್ದಕ್ಕಿಂತ ಕಡಿಮೆ ತಿರುಗುತ್ತದೆ. ಇದು ಅಂಡರ್‌ಸ್ಟಿಯರ್. ಹಿಂದಿನ ಜೋಡಿ ಹೆಚ್ಚು ಸರಿದರೆ ಬಾಲ ಹೊರಕ್ಕೆ ಬೀಸಿ, ಕಾರು ಬೇಕಾದ್ದಕ್ಕಿಂತ ಹೆಚ್ಚು ತಿರುಗುತ್ತದೆ. ಇದು ಓವರ್‌ಸ್ಟಿಯರ್. ರೋಲ್ಸ್ ರಾಯ್ಸ್‌ನಲ್ಲಿದ್ದು ಆಮೇಲೆ ಜನರಲ್ ಮೋಟರ್ಸ್‌ಗೆ ಹೋದ ಎಂಜಿನಿಯರ್ ಮಾರಿಸ್ ಆಲಿ 1930ರ ದಶಕದಲ್ಲಿ ಈ ಎರಡರ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು.

ಎರಡರಲ್ಲಿ ಯಾವುದು ಅಪಾಯ? ಮುಂಭಾಗ ಜಾರಿದಾಗ ಹೆದರಿದ ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ವೇಗ ಇಳಿಯುತ್ತದೆ, ಭಾರ ಮುಂದಕ್ಕೆ ಬಾಗುತ್ತದೆ, ಮುಂದಿನ ಟೈರಿಗೆ ಹಿಡಿತ ಮರಳುತ್ತದೆ. ಹೆದರಿಕೆಯೇ ಮದ್ದಾಗುತ್ತದೆ. ಹಿಂಭಾಗ ಜಾರಿದಾಗಲೂ ಅವನು ಅದೇ ಕೆಲಸ ಮಾಡುತ್ತಾನೆ. ಆಗ ಮುಂದಕ್ಕೆ ಬಾಗಿದ ಭಾರ ಹಿಂದಿನ ಟೈರನ್ನು ಇನ್ನಷ್ಟು ಹಗುರಾಗಿಸಿ, ಕಾರು ಗಿರ್ರನೆ ತಿರುಗಿ ನಿಲ್ಲುತ್ತದೆ. ಎದುರಿಗೆ ಬಸ್ಸು ಬರುತ್ತಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಸಾಮಾನ್ಯ ಜನರಿಗೆ ಮಾಡುವ ಕಾರಿನಲ್ಲಿ ಮೊದಲು ಜಾರುವ ತುದಿ ಮುಂದಿನದೇ ಆಗಿರಬೇಕು ಎಂಬುದನ್ನು ತಯಾರಕರು ಹೆಚ್ಚುಕಡಿಮೆ ವ್ರತದಂತೆ ಪಾಲಿಸುವುದು ಇದಕ್ಕೇ.

ಈಗ ನ್ಯಾನೋ ಅರ್ಥವಾಗುತ್ತದೆ. ಅದರ 624 ಸಿಸಿ ಎಂಜಿನ್ ಇರುವುದು ಹಿಂದಿನ ಸೀಟಿನ ಅಡಿಯಲ್ಲಿ. ಭಾರವೂ ಹಿಂದೆ, ಎಳೆತವೂ ಹಿಂದೆ. ಟೈರಿಗೆ ಒಂದು ಸ್ವಭಾವವಿದೆ: ಹೊರೆ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಏರುತ್ತದೆ. ಆದ್ದರಿಂದ ಹೆಚ್ಚು ಹೊರೆ ಹೊತ್ತ ತುದಿ ತಿರುವಿನಲ್ಲಿ ಮೊದಲು ಸೋಲುತ್ತದೆ. ನಾಲ್ಕಕ್ಕೂ ಒಂದೇ ಟೈರು ಹಾಕಿದ್ದರೆ ನ್ಯಾನೋದ ಬಾಲ ಬೀಸುತ್ತಿತ್ತು. ಹಿಂದಿನದನ್ನು ಅಗಲ ಮಾಡಿ, ಮುಂದಿನದನ್ನು ಬೇಕೆಂದೇ ಕಿರಿದಾಗಿಟ್ಟು ಆ ಸ್ವಭಾವವನ್ನು ತಿದ್ದಿದರು. ಮುಂದಿನ ಟೈರು ಸಣ್ಣದೆಂದು ಬೇಸರಪಟ್ಟು ನಾಲ್ಕಕ್ಕೂ 155 ಹಾಕಿಸುವವರು ತಿದ್ದಿದ್ದನ್ನು ಅಳಿಸಿದ ಹಾಗಾಗುತ್ತದೆ.

ಹಿಂದೆ ಎಂಜಿನ್ ಇಟ್ಟವರೆಲ್ಲ ಈ ಪಾಠವನ್ನು ಒಂದಲ್ಲ ಒಂದು ರೀತಿಯಲ್ಲಿ ಕಲಿತವರೇ. ಅಮೆರಿಕದಲ್ಲಿ ಶೆವರ್ಲೆ 1960ರ ಮಾದರಿಯಾಗಿ ತಂದ ಕಾರ್ವೇರ್ ಕಾರಿಗೆ ನಾಲ್ಕೂ ಟೈರು ಒಂದೇ ಅಳತೆಯವು. ವ್ಯತ್ಯಾಸವನ್ನು ಗಾಳಿಯಲ್ಲಿ ಇಟ್ಟಿದ್ದರು: ಮುಂದೆ 15 ಪಿಎಸ್‌ಐ, ಹಿಂದೆ 26. ನಮ್ಮ ಬಂಕಿನವರ ಮಾತಿನಲ್ಲಿ ಹೇಳುವುದಾದರೆ ಮುಂದೆ 15 ಪಾಯಿಂಟ್, ಹಿಂದೆ 26 ಪಾಯಿಂಟ್. ಮುಂದಿನ ಟೈರು ಮೆತ್ತಗಿದ್ದರೆ ಅದು ಹೆಚ್ಚು ಸರಿಯುತ್ತದೆ, ಬಾಲ ಸುಮ್ಮನಿರುತ್ತದೆ ಎಂಬುದು ಲೆಕ್ಕ. ಆದರೆ ಗಾಳಿ ಹಿಡಿಯುವವನು ರೂಢಿಯಂತೆ ನಾಲ್ಕಕ್ಕೂ ಸಮ ಹಿಡಿದರೆ ಆ ಲೆಕ್ಕ ಮುರಿಯುತ್ತದೆ. ರಾಲ್ಫ್ ನೇಡರ್ 1965ರ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಪುಸ್ತಕದ ಮೊದಲ ಅಧ್ಯಾಯವನ್ನೇ ಈ ಕಾರಿಗೆ ಮೀಸಲಿಟ್ಟರು. ಆ ಕಾಲದ ಇತರ ಕಾರುಗಳಿಗಿಂತ ಕಾರ್ವೇರ್ ಕೆಟ್ಟದ್ದೇನಲ್ಲ ಎಂದು ಅಲ್ಲಿನ ಸರ್ಕಾರಿ ಸುರಕ್ಷತಾ ಸಂಸ್ಥೆಯ 1972ರ ವರದಿ ಹೇಳಿತೆಂಬುದನ್ನೂ ಸೇರಿಸಬೇಕು. ನನ್ನ ಅಭಿಪ್ರಾಯದಲ್ಲಿ ತಪ್ಪು ಬೇರೆಯೇ ಇದೆ: ಜೀವ ಕಾಯುವ ವ್ಯತ್ಯಾಸವನ್ನು ಕಣ್ಣಿಗೆ ಕಾಣದ ಗಾಳಿಯಲ್ಲಿ ಬಚ್ಚಿಡಬಾರದಿತ್ತು.

ಪೋರ್ಷೆ ಆ ವ್ಯತ್ಯಾಸವನ್ನು ಕಾಣುವ ಹಾಗೆ ಮಾಡಿತು. 911 ಕಾರಿನ ಎಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ನೇತಾಡುತ್ತದೆ. 1973ರ ಮಾದರಿಯ ಕರೇರಾ ಆರ್‌ಎಸ್ 2.7ಕ್ಕೆ ಮುಂದೆ ಆರು ಇಂಚು ಅಗಲದ ರಿಮ್ಮಿನಲ್ಲಿ 185/70, ಹಿಂದೆ ಏಳು ಇಂಚಿನ ರಿಮ್ಮಿನಲ್ಲಿ 215/60 ಕೊಟ್ಟರು, ಎರಡೂ 15 ಇಂಚು ವ್ಯಾಸದವು. ಎತ್ತರ ಲೆಕ್ಕ ಹಾಕಿದರೆ 640 ಮತ್ತು 639 ಮಿ.ಮೀ. ಬೆರಳುಗುರಿನಷ್ಟೂ ಅಂತರವಿಲ್ಲ. ಪುಟಾಣಿ ಸ್ಮಾರ್ಟ್ ಫೋರ್‌ಟು, ಮಿತ್ಸುಬಿಷಿಯ ಐ ಕಾರು ಕೂಡ ಹಿಂದೆ ಎಂಜಿನ್ ಇಟ್ಟುಕೊಂಡು, ಕಿರಿದಾದ ಮುಂದಿನ ಟೈರಿನಲ್ಲೇ ಓಡಿದವು. ಅಗಲದ ಹಿಂದಿನ ಟೈರೆಂದರೆ ರೇಸ್ ಕಾರಿನ ಠೀವಿ ಎಂದು ತಿಳಿದವರು ಈ ಬಡಪಾಯಿ ಕಾರುಗಳ ಹಿಂಭಾಗವನ್ನೊಮ್ಮೆ ನೋಡಬೇಕು.

ಅಗಲ ಯಾವಾಗಲೂ ಹಿಂದೆಯೇ ಇರಬೇಕೆಂಬ ನಿಯಮವೂ ಇಲ್ಲ. 1955ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಜಗತ್ತನ್ನು ಬೆರಗುಗೊಳಿಸಿದ ಸಿಟ್ರೊಯೆನ್ ಡಿಎಸ್ ಮುಂದಿನ ಚಕ್ರಗಳಿಂದ ಎಳೆಯುವ ಕಾರು, ಭಾರವೆಲ್ಲ ಮುಂದೆ. ಅದಕ್ಕೆ ಮುಂದೆ 165, ಹಿಂದೆ 155 ಮಿ.ಮೀ.ನ ಮಿಷೆಲಿನ್ ರೇಡಿಯಲ್. ಎರಡು ಚಕ್ರಗಳ ನಡುವಿನ ಅಂತರವೂ ಮುಂದಿಗಿಂತ ಹಿಂದೆ 20 ಸೆಂ.ಮೀ. ಕಡಿಮೆ. ಇತ್ತೀಚಿನ ಆಡಿ ಆರ್‌ಎಸ್3 ಮೂತಿಯಲ್ಲಿ ಐದು ಸಿಲಿಂಡರಿನ ಎಂಜಿನ್ ಹೊತ್ತು ಮುಂದೆ 265, ಹಿಂದೆ 245 ತೊಟ್ಟಿದೆ. ಅಗಲ ಹೋಗಬೇಕಾದದ್ದು ಕೆಲಸ ಹೆಚ್ಚಿರುವ ತುದಿಗೆ. ನಮ್ಮ ಹಳ್ಳಿಯ ಟ್ರ್ಯಾಕ್ಟರನ್ನು ನೋಡಿದರೂ ಇದೇ ಕಾಣುತ್ತದೆ. ಮುಂದೆ 6.00-16ರ ಸಣ್ಣ ಗಾಲಿ ದಾರಿ ತೋರಿಸುವುದಕ್ಕೆ, ಹಿಂದೆ 13.6-28ರ ದೊಡ್ಡ ಗಾಲಿ ಉಳುವ ನೆಲವನ್ನು ಕಚ್ಚಿ ಹಿಡಿಯುವುದಕ್ಕೆ. ಅರಮನೆಯ ಸಾರೋಟಿನ ಮುಂಗಾಲಿ ಚಿಕ್ಕದಾಗಿರುವುದು ಇನ್ನೊಂದೇ ಕಾರಣಕ್ಕೆ. ತಿರುಗುವಾಗ ಅದು ಗಾಡಿಯ ಒಡಲಿಗೆ ತಾಗಬಾರದು, ಅಷ್ಟೇ.

ಇಷ್ಟು ಹೇಳಿದ ಮೇಲೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. “ಅಗಲದ ಟೈರು ಹೆಚ್ಚು ನೆಲ ಮುಟ್ಟುತ್ತೆ ಸಾರ್, ಗ್ರಿಪ್ ಜಾಸ್ತಿ” ಎಂದು ಟೈರು ಅಂಗಡಿಯಲ್ಲಿ ಹೇಳುತ್ತಾರೆ. ಒಂದು ಚಕ್ರದ ಮೇಲೆ 300 ಕಿಲೋ ಭಾರವಿದೆ, ಒಳಗೆ 30 ಪಿಎಸ್‌ಐ ಗಾಳಿಯಿದೆ ಎನ್ನಿ. ಆ ಭಾರವನ್ನು ಹೊರಲು ಟೈರು ನೆಲಕ್ಕೆ ಒತ್ತಬೇಕಾದ ಜಾಗ ಸುಮಾರು 140 ಚದರ ಸೆಂ.ಮೀ., ಅಂಚೆ ಕಾರ್ಡಿಗಿಂತ ತುಸು ದೊಡ್ಡದು. ಗಾಳಿಯ ಒತ್ತಡ ಅಷ್ಟೇ ಇಟ್ಟು ಅಗಲದ ಟೈರು ಹಾಕಿದರೆ ಕಾರ್ಡು ಹೆಚ್ಚೇನೂ ದೊಡ್ಡದಾಗುವುದಿಲ್ಲ, ಉದ್ದುದ್ದ ಇದ್ದದ್ದು ಅಡ್ಡಡ್ಡ ತಿರುಗುತ್ತದೆ. ಅಡ್ಡ ತಿರುಗಿದ ಕಾರ್ಡು ಒಣ ರಸ್ತೆಯ ತಿರುವಿನಲ್ಲಿ ಕಡಿಮೆ ಸರಿಯುತ್ತದೆ, ನಿಜ. ಆದರೆ ನೀರು ನಿಂತ ರಸ್ತೆಯಲ್ಲಿ ಅದೇ ಅಗಲ ಹೆಚ್ಚು ನೀರನ್ನು ತಳ್ಳಬೇಕಾಗುತ್ತದೆ. ತಳ್ಳಲು ಪುರುಸೊತ್ತು ಸಿಗದಿದ್ದರೆ ಟೈರು ನೀರಿನ ಮೇಲೆ ತೇಲುತ್ತದೆ. ನಾಸಾದ ವಾಲ್ಟರ್ ಹಾರ್ನ್ 1960ರ ದಶಕದಲ್ಲಿ ವಿಮಾನದ ಟೈರುಗಳಿಗಾಗಿ ಇದರ ಸೂತ್ರ ಕೊಟ್ಟರು. ಅದರ ಪ್ರಕಾರ ಗೆರೆ ಸವೆದ ಟೈರು 36 ಪಿಎಸ್‌ಐ ಗಾಳಿಯಿದ್ದರೆ ಗಂಟೆಗೆ ಸುಮಾರು 100 ಕಿ.ಮೀ. ವೇಗದಲ್ಲಿ ತೇಲತೊಡಗುತ್ತದೆ, 25 ಇದ್ದರೆ 83ರಲ್ಲೇ. ಗಾಳಿ ಕಡಿಮೆಯಾದಷ್ಟೂ ಬೇಗ. ಮಳೆಗಾಲದಲ್ಲಿ ಟೈರು ಮೆತ್ತಗಿದ್ದರೆ ಹಿಡಿತ ಹೆಚ್ಚೆಂದು ಗಾಳಿ ಇಳಿಸುವವರು ಇದನ್ನು ನೆನಪಿಡಬೇಕು.

ನಮ್ಮ ಊರುಗಳಲ್ಲಿ ಓಡುವ ಹ್ಯಾಚ್‌ಬ್ಯಾಕ್‌ಗಳು ಬಹುತೇಕ ಮುಂದೆ ಎಂಜಿನ್, ಮುಂದಿನ ಚಕ್ರದಿಂದಲೇ ಎಳೆತ. ಅವುಗಳಿಗೆ ಹಿಂದೆ ಮಾತ್ರ ಅಗಲದ ಟೈರು ಹಾಕಿಸಿ, ಹಿಂಭಾಗ ಸ್ವಲ್ಪ ಎತ್ತಿ ನಿಲ್ಲಿಸುವ ಹುಚ್ಚು ಹುಡುಗರಲ್ಲಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ಗಂಟೆ ನಿಂತರೆ ಒಂದೆರಡಾದರೂ ಕಾಣಿಸುತ್ತವೆ. ಆ ಟೈರಿನಿಂದ ಕಾರಿಗೇನು ಲಾಭ? ಎಳೆಯುವ, ತಿರುಗಿಸುವ, ಬ್ರೇಕಿನ ಹೆಚ್ಚಿನ ಪಾಲು ಹೊರುವ ಚಕ್ರ ಮುಂದಿನದು. ಹಿಂದಿನದು ಹಿಂಬಾಲಿಸುವ ಚಕ್ರ. ಅಲ್ಲಿಗೆ ಅಗಲ ಸೇರಿಸಿದರೆ ಮೊದಲೇ ಅಂಡರ್‌ಸ್ಟಿಯರ್ ಸ್ವಭಾವದ ಕಾರು ತಿರುವಿನಲ್ಲಿ ಇನ್ನಷ್ಟು ಹೊರಕ್ಕೆ ಓಡುತ್ತದೆ, ಜೊತೆಗೆ ಪೆಟ್ರೋಲೂ ಹೆಚ್ಚು ಕುಡಿಯುತ್ತದೆ.

ಅಳತೆಯ ಲೆಕ್ಕ ತಪ್ಪಿದರೆ ತೊಂದರೆ ಇನ್ನೂ ಆಳಕ್ಕೆ ಇಳಿಯುತ್ತದೆ. 185/65 ಆರ್15 ಇರುವ ಕಾರಿಗೆ ಹಿಂದೆ 205/65 ಆರ್15 ಹಾಕಿದರೆ ಎತ್ತರ 621.5ರಿಂದ 647.5 ಮಿ.ಮೀ.ಗೆ ಏರುತ್ತದೆ, ಶೇ 4ಕ್ಕೂ ಹೆಚ್ಚು. ಅದೇ 205/60 ಹಾಕಿದ್ದರೆ ಏರಿಕೆ ಐದೂವರೆ ಮಿ.ಮೀ. ಅಷ್ಟೇ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ನೋಡಿಕೊಳ್ಳುವ ಎಬಿಎಸ್ ಕಡ್ಡಾಯವಾಗಿದೆ. ಯಾವ ಚಕ್ರ ಜಾರುತ್ತಿದೆ ಎಂಬುದನ್ನು ಅದು ತಿಳಿಯುವುದು ನಾಲ್ಕೂ ಚಕ್ರಗಳ ಸುತ್ತಿನ ವೇಗವನ್ನು ಹೋಲಿಸಿ. ದೊಡ್ಡ ಚಕ್ರ ನಿಧಾನವಾಗಿ ಸುತ್ತುತ್ತದೆ. ಎರಡು ಚಕ್ರ ಸದಾ ನಿಧಾನವಾಗಿ ಸುತ್ತುತ್ತಿದ್ದರೆ ಆ ಯಂತ್ರ ಜಾರದೆ ಇರುವುದನ್ನೂ ಜಾರಿಕೆಯೆಂದು ಓದುವ ಸಾಧ್ಯತೆಯಿದೆ. ಆಡಿ ಆರ್‌ಎಸ್3ರಂಥ ಕಾರಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಹನ್ನೆರಡು ಮಿ.ಮೀ.ನಷ್ಟು ಎತ್ತರದ ವ್ಯತ್ಯಾಸವಿದ್ದರೂ ನಡೆಯುತ್ತದೆ. ಅಲ್ಲಿ ತಯಾರಕರೇ ಅದಕ್ಕೆ ತಕ್ಕಂತೆ ಎಲೆಕ್ಟ್ರಾನಿಕ್ಸ್ ಹೊಂದಿಸಿರುತ್ತಾರೆ. ಟೈರು ಅಂಗಡಿಯವರಿಂದ ಅದು ಆಗುವ ಕೆಲಸವಲ್ಲ.

ನಾಲ್ಕೂ ಚಕ್ರ ಎಳೆಯುವ ಗಾಡಿಗಳದ್ದು ಬೇರೆಯೇ ಅಧ್ಯಾಯ. ಕೊಡಗು, ಚಿಕ್ಕಮಗಳೂರಿನ ತೋಟದ ದಾರಿಯಲ್ಲಿ ಓಡುವ ಹಳೆಯ ಜೀಪುಗಳಲ್ಲಿ ಫೋರ್‌ವೀಲ್ ಗೇರು ಹಾಕಿದರೆ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಳ್ಳುತ್ತವೆ. ಎರಡೂ ಅಷ್ಟೇ ಸುತ್ತು ಸುತ್ತಬೇಕು. ಹಿಂದಿನ ಟೈರು ಹೊಸದು, ಮುಂದಿನದು ಬೋಳು ಎಂದಿಟ್ಟುಕೊಳ್ಳಿ. ಒಂದೇ ಸುತ್ತಿಗೆ ಹಿಂದಿನದು ಹೆಚ್ಚು ದೂರ ಹೋಗುತ್ತದೆ, ಮುಂದಿನದು ಕಡಿಮೆ. ಕೆಸರಿನಲ್ಲಿ ಟೈರು ಜಾರಿ ಆ ಲೆಕ್ಕ ಸರಿಹೋಗುತ್ತದೆ. ಡಾಂಬರಿಗೆ ಬಂದಾಗ ಜಾರಲು ಆಗದೆ ಆ ವ್ಯತ್ಯಾಸವೆಲ್ಲ ಗೇರು, ಶಾಫ್ಟುಗಳಲ್ಲಿ ತಿರುಚಿಕೊಂಡು ಕೂರುತ್ತದೆ, ಲಿವರ್ ಕಚ್ಚಿಕೊಳ್ಳುತ್ತದೆ. ಅನುಭವಸ್ಥ ಡ್ರೈವರುಗಳು ಗಾಡಿಯನ್ನು ನಾಲ್ಕು ಅಡಿ ರಿವರ್ಸ್ ತೆಗೆದು ಅದನ್ನು ಬಿಡಿಸಿಕೊಳ್ಳುವುದನ್ನು ನೋಡಿದ್ದೇನೆ. ಸುಬಾರು ಕಂಪನಿ ತನ್ನ ಕಾರುಗಳ ನಾಲ್ಕು ಟೈರುಗಳ ಸುತ್ತಳತೆ ಕಾಲು ಇಂಚಿನೊಳಗೆ ಹೊಂದಬೇಕೆಂದು ಹೇಳುವುದು ಇಂಥ ಒತ್ತಡದ ಕಾರಣಕ್ಕೇ. ಫೋರ್‌ವೀಲ್ ಟ್ರ್ಯಾಕ್ಟರಿನಲ್ಲಿ ಮುಂದಿನ ಹಿಂದಿನ ಗಾಲಿಯ ಗಾತ್ರ ಬೇರೆ ಇದ್ದರೂ ನಡೆಯುವುದು ಗೇರಿನ ಹಲ್ಲುಗಳಲ್ಲೇ ಆ ಲೆಕ್ಕ ಸರಿದೂಗಿಸಿರುವುದರಿಂದ. ಅಲ್ಲೂ ಮುಂದಿನದನ್ನು ಹಿಂದಿನದಕ್ಕಿಂತ ಒಂದಿಷ್ಟು ಚುರುಕಾಗಿಯೇ ಇಟ್ಟಿರುತ್ತಾರೆ.

ಎಲೆಕ್ಟ್ರಿಕ್ ಕಾರು ಈ ಕಟ್ಟನ್ನೇ ಬಿಡಿಸಿದೆ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಜೋಡಿಸಿ 2022ರಲ್ಲಿ ಮಾರಾಟಕ್ಕೆ ತಂದ ವೋಲ್ವೋ ಎಕ್ಸ್‌ಸಿ40 ರೀಚಾರ್ಜ್‌ಗೆ ಮುಂದೆ 235/50, ಹಿಂದೆ 255/45, ಎರಡೂ 19 ಇಂಚು. ಮುಂದಕ್ಕೊಂದು ಹಿಂದಕ್ಕೊಂದು ಮೋಟರು. ನಡುವೆ ಶಾಫ್ಟೇ ಇಲ್ಲದಿರುವುದರಿಂದ ಐದೂವರೆ ಮಿ.ಮೀ. ಎತ್ತರದ ವ್ಯತ್ಯಾಸ ಯಾವ ಗೇರನ್ನೂ ತಿರುಚುವುದಿಲ್ಲ. ಫೋಕ್ಸ್‌ವ್ಯಾಗನ್ ಐಡಿ.4 ಕೂಡ ಮುಂದೆ 235, ಹಿಂದೆ 255 ಹಾಕಿಕೊಂಡಿದೆ. ಒಂದು ಕಾಲಕ್ಕೆ ದುಬಾರಿ ಸ್ಪೋರ್ಟ್ಸ್ ಕಾರಿನವರಷ್ಟೇ ಕೇಳುತ್ತಿದ್ದ ಎರಡು ಅಳತೆಯ ಟೈರು ಇನ್ನು ಮುಂದೆ ಸಂಸಾರವಂದಿಗರ ಕಾರಿಗೂ ಬರಲಿದೆ ಎಂದೇ ನನ್ನ ಅಂದಾಜು.

ಬಂದಾಗ ಅದರ ಜೊತೆ ಖರ್ಚಿನ ತಲೆನೋವೂ ಬರುತ್ತದೆ. ಎಂಟು ಹತ್ತು ಸಾವಿರ ಕಿ.ಮೀ.ಗೊಮ್ಮೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ಸಮನಾಗಿ ಸವೆಸುವ ದಾರಿ ಮುಚ್ಚುತ್ತದೆ. ಎಡ ಬಲ ಬದಲಿಸಬಹುದು. ಒಂದೇ ದಿಕ್ಕಿಗೆ ತಿರುಗಬೇಕಾದ ಬಾಣದ ಗುರುತಿನ ಟೈರಾದರೆ ಅದೂ ಇಲ್ಲ. ಸ್ಟೆಪ್ನಿ ಯಾವ ಅಳತೆಯದಿದ್ದರೂ ಒಂದು ತುದಿಗೆ ಹೊಂದುವುದಿಲ್ಲ. ಸಣ್ಣ ಊರಿನ ಅಂಗಡಿಯಲ್ಲಿ ಒಂದು ಅಳತೆ ಇದ್ದರೆ ಇನ್ನೊಂದು ಇರುವುದಿಲ್ಲ. ಸಿಕ್ಕಿದ್ದನ್ನು ಹಾಕಿಕೊಂಡು ಹೊರಡುವುದು ಕಾನೂನಿನ ಕಣ್ಣಲ್ಲೂ ಸರಿಯಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಮುಂದಿನ ಹಿಂದಿನ ಅಳತೆ, ಗಾಳಿ ಎರಡೂ ಅಚ್ಚಾಗಿರುತ್ತವೆ. ಅಂಗಡಿಗೆ ಹೋಗುವ ಮುಂಚೆ ಅದನ್ನೊಂದು ಸಲ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಅರ್ಧ ಜಗಳ ಮುಗಿದಂತೆ.

ನಾಲ್ಕೂ ಒಂದೇ ಅಳತೆಯ ಕಾರಿನವರು ತಮಗೆ ಈ ಪ್ರಶ್ನೆ ಸಂಬಂಧವಿಲ್ಲವೆಂದು ಕೂರುವಂತಿಲ್ಲ. ಎರಡೇ ಹೊಸ ಟೈರು ಕೊಂಡ ದಿನ ಅವರ ಕಾರಿನಲ್ಲೂ ಮುಂದೊಂದು ಹಿಂದೊಂದು ಆಯಿತು. ಕಳೆದ ವರ್ಷ ನಾನೇ ಎರಡು ಕೊಂಡೆ. “ಸಾರ್, ಹೊಸದು ಎರಡೂ ಮುಂದಕ್ಕೇ ಹಾಕಿಬಿಡ್ಲಾ? ಇಂಜಿನ್ ಭಾರ, ಬ್ರೇಕು ಎಲ್ಲಾ ಮುಂದೇ ಅಲ್ವಾ” ಅಂದ ಅಂಗಡಿಯ ಹುಡುಗ. ಅವನ ಮಾತಿನಲ್ಲಿ ತರ್ಕವಿದೆ. ಮುಂದಿನ ಟೈರೇ ಬೇಗ ಸವೆಯುವುದು, ನಿಲ್ಲಿಸುವುದೂ ಅದೇ. “ಬೇಡಪ್ಪಾ, ಹೊಸದು ಹಿಂದಕ್ಕೆ. ಹಿಂದಿರೋದನ್ನ ಮುಂದಕ್ಕೆ ತಾ” ಅಂದೆ. ನಂಬದೆ ಇನ್ನೊಂದು ಸಲ ಕೇಳಿದ.

ನನ್ನ ಹಟಕ್ಕೆ ಕಾರಣ ಚಾರ್ಮಾಡಿ, ಶಿರಾಡಿ ಘಾಟಿಗಳ ಮಳೆ. ನೀರು ನಿಂತ ತಿರುವಿನಲ್ಲಿ ಮುಂದಿನ ಟೈರು ತೇಲಿದರೆ ಸ್ಟಿಯರಿಂಗ್ ಒಮ್ಮೆಲೇ ಹಗುರಾಗಿ ಕೈಗೆ ಸುದ್ದಿ ಮುಟ್ಟಿಸುತ್ತದೆ. ಕಾಲು ತೆಗೆಯಲು ಒಂದು ಕ್ಷಣ ಸಿಗುತ್ತದೆ. ಹಿಂದಿನದು ತೇಲಿದರೆ ಯಾವ ಸೂಚನೆಯೂ ಇಲ್ಲ. ತಿಳಿಯುವ ಹೊತ್ತಿಗೆ ಕಾರು ಅಡ್ಡ ನಿಂತಿರುತ್ತದೆ. ಆಳವಾದ ಗೆರೆಯ ಟೈರು ಹಿಂದೆ ಇರಲಿ ಎಂದು ಮಿಷೆಲಿನ್‌ನಂಥ ಟೈರು ಕಂಪನಿಗಳೇ ಹೇಳುತ್ತಾ ಬಂದಿವೆ. ಮುಂದಿನ ಚಕ್ರದಿಂದ ಎಳೆಯುವ ಕಾರಿಗೂ ಇದೇ ಮಾತು. ಹಾಗೆಂದು ಮುಂದೆ ಬೋಳು ಟೈರು ಹಾಕಿಕೊಂಡು ಓಡಿಸಿ ಎಂದರ್ಥವಲ್ಲ. ಕಾರಿನ ಟೈರಿಗೆ ಕನಿಷ್ಠ 1.6 ಮಿ.ಮೀ. ಗೆರೆ ಇರಲೇಬೇಕು ಎಂಬುದು ಕೇಂದ್ರ ಮೋಟಾರು ವಾಹನ ನಿಯಮ. ಟೈರಿನ ಭುಜದ ಹತ್ತಿರ ಪುಟ್ಟ ತ್ರಿಕೋನದ ಗುರುತಿರುತ್ತದೆ. ಅದರ ನೇರಕ್ಕೆ ಗೆರೆಯೊಳಗೆ ಬೆರಳಾಡಿಸಿದರೆ ಸಣ್ಣ ದಿಬ್ಬ ಸಿಗುತ್ತದೆ. ಮೇಲಿನ ರಬ್ಬರು ಸವೆದು ಆ ದಿಬ್ಬಕ್ಕೆ ಸಮವಾದರೆ ಟೈರಿನ ಆಯಸ್ಸು ಮುಗಿಯಿತು, ಮುಂದಿರಲಿ ಹಿಂದಿರಲಿ.

ಭಾವನ ನ್ಯಾನೋವನ್ನು ಆ ಸಂಜೆಯೇ ಜಾಕಿ ಕೊಟ್ಟು ಎತ್ತಿ, 155 ಎರಡನ್ನೂ ಹಿಂದಕ್ಕೆ, 135 ಎರಡನ್ನೂ ಮುಂದಕ್ಕೆ ಬಿಗಿದೆವು. ಮೂರು ಮೂರೇ ಬೋಲ್ಟು, ಕೆಲಸ ಬೇಗ ಮುಗಿಯಿತು. ಊರ ಹೊರಗಿನ ಕೆರೆ ಏರಿಯ ತನಕ ಹೋಗಿ ಬಂದರು. ಕಾರು ಮತ್ತೆ ನೆಟ್ಟಗೆ ಓಡಿತು. ಈಗ ಪಂಕ್ಚರ್ ಅಂಗಡಿಗೆ ಹೋಗುವಾಗ ಅವರ ಜೇಬಿನಲ್ಲಿ ಒಂದು ಸೀಮೆಸುಣ್ಣದ ತುಂಡು ಇರುತ್ತದೆ. ಚಕ್ರ ಬಿಚ್ಚುವ ಮೊದಲೇ ಎರಡರ ಮೇಲೆ ‘ಮುಂ’, ಇನ್ನೆರಡರ ಮೇಲೆ ‘ಹಿಂ’ ಎಂದು ದೊಡ್ಡದಾಗಿ ಬರೆಯುತ್ತಾರೆ.